ಶೈಲಜಾಳ ಸೋಮವಾರ

ಧಾರವಾಡದ ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಹೇಳದ ರೋಗವೊಂದಿತ್ತು. ಸೋದರತ್ತೆ ತೀರಿಕೊಂಡದ್ದು ಅದರಿಂದಲೇ. ಅವ್ವ ಅದನ್ನು "ಆ ಬ್ಯಾನಿ" ಅನ್ನುತ್ತಿದ್ದಳು, ಅದೂ ದನಿ ತಗ್ಗಿಸಿ. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಬಿಳಿ ಕೋಟಿನ ಹುಡುಗಿಯೊಬ್ಬಳು, "ಒಂದ್ನಿಮಿಷ ಕೂತ್ಕೊಳ್ಳಿ, ಕ್ಯಾನ್ಸರ್‌ಗೆ ಊಟ ಹಾಕ್ಬಿಟ್ಟು ಬರ್ತೀನಿ" ಅಂದಳು. ಕೂತೆ. ಕೂರದೆ ಮತ್ತೇನು ಮಾಡಲಿ?

ಅವಳೇ ಶೈಲಜಾ, ಜಯನಗರದಲ್ಲೇ ಹುಟ್ಟಿ ಬೆಳೆದವಳು. ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಬನಶಂಕರಿ ಕಡೆಯ ಆ ಸಣ್ಣ ಪ್ರಯೋಗಾಲಯದಲ್ಲಿ ಗಡ್ಡೆಯ ಜೀವಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಪೋಷಕ ದ್ರವದ "ಊಟ" ಹಾಕಿ ಬೆಳೆಸಿ, ಅವುಗಳ ಮೇಲೆ ಔಷಧ ಹಾಕಿ ನೋಡುತ್ತಿದ್ದರು. ಅವು ಬೆಳೆಯುವ ರೀತಿಯನ್ನು ಸಮೀಕರಣದಲ್ಲಿ ಹಿಡಿಯಲು ಗಣಿತದವಳಾದ ನನ್ನನ್ನು ಕರೆಸಿಕೊಂಡಿದ್ದರು. ನೇಮಕ ಆರೇ ತಿಂಗಳಿಗೆ. ಅಷ್ಟರೊಳಗೆ ಗಣಿತದಿಂದ ಏನು ಉಪಯೋಗ ಅಂತ ತೋರಿಸದಿದ್ದರೆ ಗಂಟುಮೂಟೆ ಕಟ್ಟಬೇಕು. ಊರಿನ ಕಾಲೇಜಿನಲ್ಲಿ ನನ್ನ ಕುರ್ಚಿಯಲ್ಲಿ ಆಗಲೇ ಬೇರೆಯವರು ಕೂತಾಗಿತ್ತು.

ಬಿಟಿಎಂ ಲೇಔಟಿನಲ್ಲಿ ಜಯಮ್ಮನವರ ಮಹಡಿಯ ಮೇಲೊಂದು ರೂಮು ಸಿಕ್ಕಿತು. ಮನೆ ನಿಂತ ಜಾಗ ಮೊದಲು ಅವರದೇ ರಾಗಿ ಹೊಲವಾಗಿತ್ತಂತೆ. ನನ್ನ ಕೆಲಸ ಏನೆಂದು ತಿಳಿದ ದಿನ ಅವರು ಗೇಟಿನಲ್ಲೇ ತಡೆದರು. "ಅದನ್ನ ಮುಟ್ಟಿ ಬರ್ತೀಯಾ? ಕೈಕಾಲು ತೊಳ್ಕೊಂಡೇ ಮೇಲೆ ಹತ್ತಮ್ಮ."

"ಅಂಟೂ ರೋಗ ಅಲ್ರೀ ಆಂಟಿ. ನಾ ಬರೇ ಲೆಕ್ಕಾ ಮಾಡ್ತೀನ್ರೀ."

"ಲೆಕ್ಕ ಮಾಡೋಕೆ ಬೇರೇನೂ ಸಿಗ್ಲಿಲ್ವಾ ನಿಂಗೆ?"

ಆದರೂ ಅದೇ ಸಂಜೆ ಊಟಕ್ಕೆ ಕರೆದರು. ಮುದ್ದೆಯನ್ನು ನಾನು ರೊಟ್ಟಿಯ ಹಾಗೆ ಜಗಿದೆ. "ನುಂಗಮ್ಮ, ಹಲ್ಲಿಗೆ ಯಾಕೆ ಕೆಲಸ ಕೊಡ್ತೀಯ?" ಅಂತ ನಕ್ಕರು. ನಮ್ಮಲ್ಲಿ ಊಟವೆಂದರೆ ರೊಟ್ಟಿ ಬಡಿಯುವ ಸದ್ದು. ಇಲ್ಲಿ ಸದ್ದೇ ಇಲ್ಲದೆ ಗಂಟಲಿಗಿಳಿಯುತ್ತದೆ. ಬಸ್ಸಿನಲ್ಲಿ ಬಾಯಿ ತೆರೆದರೆ ಸಾಕು, ನಮ್ಮ ಕಡೆಯ ಮಾತು ಕೇಳಿ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಹಾಗಾಗಿ ಭಾನುವಾರಗಳಲ್ಲಿ ಬಾಯಿಯನ್ನೇ ತೆರೆಯುತ್ತಿರಲಿಲ್ಲ. ಒಂಟಿತನ ನನ್ನನ್ನು ಚೆನ್ನಾಗಿಯೇ ಅರೆಯಿತು.

ಸಿಟ್ಟೂ ದುಃಖವೂ ಎಲ್ಲ ಗಣಿತಕ್ಕೇ ಹೋಯಿತು. ಶೈಲಜಾ ಕೊಟ್ಟ ಜೀವಕೋಶಗಳ ಎಣಿಕೆಯಲ್ಲಿ ಒಂದು ವಿಚಿತ್ರವಿತ್ತು. ಸಂಖ್ಯೆ ಏರುತ್ತದೆ, ದಿಢೀರನೆ ಕುಸಿಯುತ್ತದೆ, ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಏರುತ್ತದೆ. ನನಗೆ ರೋಮಾಂಚನ. ಗಡ್ಡೆಗೆ ತನ್ನದೇ ಒಂದು ಉಸಿರಾಟವಿದೆ ಅಂತ ಸಮೀಕರಣ ಬರೆದೆ. ಆ ಸಮೀಕರಣಕ್ಕೆ ಪರಿಹಾರ ಇದೆ, ಅದು ಪದೇ ಪದೇ ಮರಳುತ್ತದೆ ಅಂತ ಸಾಧಿಸಿದೆ. ಎಣಿಕೆಯ ಒಂದು ಚುಕ್ಕೆಯೂ ನಾನೆಳೆದ ಗೆರೆ ಬಿಟ್ಟು ಆಚೀಚೆ ಹೋಗಲಿಲ್ಲ.

ಎಲ್ಲರೆದುರು ಬೋರ್ಡಿನ ಮೇಲೆ ವಿವರಿಸುತ್ತಿದ್ದಾಗ ಶೈಲಜಾ ಕೈ ಎತ್ತಿದಳು. "ಸಾರಿ ಕಣ್ರೀ, ಅದು ಬೀಳೋದೆಲ್ಲ ಸೋಮವಾರಾನೇ ಅಲ್ವಾ? ತಟ್ಟೆ ತುಂಬೋಗಿರುತ್ತೆ. ಸೋಮವಾರ ನಾನೇ ಸ್ವಲ್ಪ ತೆಗೆದು ಹೊಸ ತಟ್ಟೆಗೆ ಹಾಕಿ, ಮಿಕ್ಕಿದ್ದು ಎಸೀತೀನಿ."

ನಾನು ಕ್ಯಾನ್ಸರಿನ ಗುಟ್ಟೆಂದು ಸಾಧಿಸಿದ್ದು ಶೈಲಜಾಳ ಸೋಮವಾರವನ್ನು! ಕೋಣೆಯಿಡೀ ನಕ್ಕಿತು. ಪ್ರಯೋಗಾಲಯದ ಮುಖ್ಯಸ್ಥರು ಮಾತ್ರ ನಗಲಿಲ್ಲ, ನನಗೆ ಅದೇ ಹೆದರಿಕೆ. ಅವಧಿ ಮುಗಿಯಲು ಹೆಚ್ಚು ದಿನ ಉಳಿದಿರಲಿಲ್ಲ. ಆ ಸಂಜೆ ಮಂಚದ ಕೆಳಗಿನ ಟ್ರಂಕನ್ನು ಹೊರಗೆಳೆದೆ.

ಬಟ್ಟೆ ಮಡಿಸುತ್ತ ಕೂತಾಗ ಒಂದು ಪ್ರಶ್ನೆ ಕೊರೆಯತೊಡಗಿತು. ಸೋಮವಾರದ ಕುಸಿತ ಶೈಲಜಾಳದು, ಒಪ್ಪಿದೆ. ಆಮೇಲಿನ ಸುಮ್ಮನಿರುವ ಹೊತ್ತು ಯಾರದು?

"ಅದಾ? ಹೊಸ ತಟ್ಟೆಗೆ ಹೋದ್ಮೇಲೆ ಸೆಟ್ಲ್ ಆಗೋಕೆ ಟೈಮ್ ತಗೊಳ್ತವೆ. ಅಲ್ಲೀವರೆಗೂ ಬೆಳೆಯಲ್ಲ" ಅಂದಳು ಶೈಲಜಾ ಮರುದಿನ.

"ಔಷಧಾ ಯಾವಾಗ ಹಾಕ್ತಿ?"

"ತಟ್ಟೆ ಬದಲಾಯಿಸಿದ ತಕ್ಷಣ" ಅಂದವಳು ಅಲ್ಲಿಗೇ ನಿಂತಳು. ಅವರ ಔಷಧ ಕೊಲ್ಲುವುದು ಒಡೆದು ಎರಡಾಗುತ್ತಿರುವ ಜೀವಕೋಶಗಳನ್ನು. ಸುಮ್ಮನೆ ಕೂತವುಗಳನ್ನು ಅದು ಏನೂ ಮಾಡದು. ಪ್ರಯೋಜನವಿಲ್ಲ ಅಂತ ಆ ಔಷಧವನ್ನು ಬದಿಗಿಡುವ ಮಾತು ಆಗಲೇ ನಡೆದಿತ್ತು.

ಎಷ್ಟು ಕಾಯಬೇಕೆಂದು ನಾನು ಸಮೀಕರಣದಿಂದ ತೆಗೆದುಕೊಟ್ಟೆ, ಅವಳು ಅಷ್ಟು ಕಾದು ಹಾಕಿದಳು. ಈ ಸಲ ಎಣಿಕೆ ಮತ್ತೆ ಏರಲೇ ಇಲ್ಲ. ಔಷಧವೂ ಉಳಿಯಿತು, ನಾನೂ ಉಳಿದೆ. ಮುಖ್ಯಸ್ಥರು ನೇಮಕ ಮುಂದುವರಿಸಿದರು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ಟೆ. ತಟ್ಟೆಯಲ್ಲಿ ಗೆದ್ದದ್ದು ಮನುಷ್ಯರಲ್ಲಿ ಗೆಲ್ಲಲು ದೂರ ಬಹಳವಿದೆ, ಗೊತ್ತು. ಆದರೂ ಅತ್ತೆ ನೆನಪಾದಳು.

ಟ್ರಂಕು ಮತ್ತೆ ಮಂಚದ ಕೆಳಗೆ ಹೋಯಿತು. ಸುದ್ದಿ ಕೇಳಿದ ಜಯಮ್ಮ ಬಿಸಿ ಮುದ್ದೆ, ಬಸ್ಸಾರು ಬಡಿಸಿದರು. ನುಂಗಿದೆ, ಒಂದು ತುತ್ತನ್ನೂ ಜಗಿಯದೆ. ಕೈ ತೊಳೆದು ಎಸ್‌ಟಿಡಿ ಬೂತಿಗೆ ಹೋಗಿ ಊರಿಗೆ ಫೋನು ಹಚ್ಚಿದೆ.

"ಹಂಗಾರ ಊರಿಗೆ ಯಾವಾಗ ಬರ್ತಿ?" ಅಂದಳು ಅವ್ವ.

"ಈ ವಾರ ಆಗಂಗಿಲ್ಲವ್ವಾ. ಶೈಲಜಾ ರಜಾ ಹಾಕ್ಯಾಳ, ಸೋಮವಾರ ಅವನ್ನ ನಾನ ಹೊಸ ತಟ್ಟಿಗೆ ಹಾಕ್ಬೇಕು. ಊಟಾನೂ ನಾನ ಹಾಕ್ಬೇಕು."

ಅವ್ವ ದನಿ ತಗ್ಗಿಸದೆಯೇ ಕೇಳಿದಳು: "ಆ ಕ್ಯಾನ್ಸರಿಗೆ ಊಟಾ ಹಾಕೋದು ಇರ್ಲಿ. ನೀ ಉಂಡಿ ಇಲ್ಲೋ?"

ಆ ಹೆಸರು ಅವಳ ಬಾಯಲ್ಲಿ ಅದೇ ಮೊದಲು ಕೇಳಿದ್ದು. ಮುದ್ದೆ ಅಂದರೆ ಅವಳಿಗೆ ಊಟವೇ ಅಲ್ಲ.

"ಉಂಡೀನವ್ವಾ" ಅಂದೆ. "ರೊಟ್ಟಿ."