ಅಜ್ಜಿಯನ್ನು ಹೂಳಿದ ಗುಡ್ಡೆ

ಅಮ್ಮನಿಗೆ ಅವರ ತಾಯಿಯ ಮುಖ ನೆನಪಿಲ್ಲ. ಅಜ್ಜಿ ಸಿಡುಬಿನಿಂದ ತೀರಿಕೊಂಡಾಗ ಅಮ್ಮ ನಾಲ್ಕು ವರ್ಷದ ಮಗು. ಫೋಟೋ ಇಲ್ಲ. ಮೀಂಜದ ಒಳಗಿನ ಒಂದು ಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಹೆಂಗಸಿನ ಫೋಟೋ ತೆಗೆಯಬೇಕೆಂದು ಆ ಕಾಲದಲ್ಲಿ ಯಾರಿಗೂ ತೋಚಿರಲಿಲ್ಲ. ಅಮ್ಮನಿಗೆ ಉಳಿದಿರುವುದು ಒಂದು ಮುಚ್ಚಿದ ಬಾಗಿಲು, ಅದರ ಮುಂದೆ ಬಿದ್ದಿದ್ದ ಬೇವಿನ ಸೊಪ್ಪು. ಬಾಗಿಲಿನ ಆಚೆ ಯಾರೋ ತನ್ನನ್ನು ಕರೆದರು ಎಂದು ಒಮ್ಮೆ ಹೇಳುತ್ತಾರೆ. ಇಲ್ಲ, ಅದು ತಾನೇ ಆಮೇಲೆ ಸೇರಿಸಿಕೊಂಡದ್ದಿರಬೇಕು ಎಂದು ಇನ್ನೊಮ್ಮೆ ತಿದ್ದುತ್ತಾರೆ.

"ಮುಖ ಅಂತೂ ಇಲ್ಲ ನನಗೆ. ಮಲಗಿಸಿದ ಜಾಗವಾದರೂ ಉಂಟಲ್ಲ," ಎನ್ನುತ್ತಿದ್ದರು.

ಆ ಜಾಗದ ವಿಷಯ ಹೇಳಬೇಕಾದರೆ ನಮ್ಮ ಕಡೆಯ ಕ್ರಮವನ್ನು ಸ್ವಲ್ಪ ಹೇಳಬೇಕು. ನಮ್ಮ ತುಳು ಮನೆಗಳಲ್ಲಿ ಸತ್ತವರನ್ನು ಸುಡುತ್ತಾರೆ. ಸುಟ್ಟ ಜಾಗದ ಮೇಲೆ ಮಣ್ಣು ಒಟ್ಟಿ ದಿಬ್ಬ ಮಾಡುತ್ತಾರೆ. ಅದಕ್ಕೆ ದೂಪೆ ಎನ್ನುತ್ತೇವೆ. ಸಿಡುಬಿನಲ್ಲಿ ಸತ್ತವರಿಗೆ ಇದು ಯಾವುದೂ ಇರಲಿಲ್ಲ. ಬೇನೆಯ ಬಿಸಿಗೆ ಚಿತೆಯ ಬಿಸಿ ಸೇರಬಾರದೆಂಬ ಹೆದರಿಕೆ. ಮನೆಯಿಂದ ದೂರ, ಗುಡ್ಡೆಯಲ್ಲಿ ಹೂಳುತ್ತಿದ್ದರು. ಹೊರುವವರು ಹಿಂದೆ ಸಿಡುಬು ಬಂದು ಬದುಕಿ ಉಳಿದವರೇ ಆಗಬೇಕು. ಅಲ್ಲಿ ಜಾತಿ ಮತ ನೋಡುತ್ತಿರಲಿಲ್ಲ, ಮುಖದ ಮೇಲಿನ ಕಲೆ ನೋಡುತ್ತಿದ್ದರು. ಮನೆಯವರು ಜೊತೆಗೆ ಹೋಗುವಂತಿರಲಿಲ್ಲ. ಹೀಗಾಗಿ ಹೂಳಿದ ಜಾಗವನ್ನು ಅಜ್ಜನೂ ಕಂಡವರಲ್ಲ.

ತಾಯಿ ಹೋದ ಮೇಲೆ ಮಕ್ಕಳಿಬ್ಬರನ್ನು, ಎಂದರೆ ಅಮ್ಮನನ್ನೂ ಅವರ ಅಣ್ಣನನ್ನೂ, ಸೋದರಮಾವ ಬೆಳ್ಳೂರಿಗೆ ಕರೆದುಕೊಂಡು ಹೋಗಿ ಸಾಕಿದರು. ಆ ಅಣ್ಣ, ನನ್ನ ದೊಡ್ಡ ಮಾವ, ಸಂಪಾದನೆಗೆ ತೊಡಗಿದ ಮೇಲೆ ಮೀಂಜಕ್ಕೆ ಬಂದು ತಾಯಿಯನ್ನು ಎಲ್ಲಿ ಹೂಳಿದ್ದೆಂದು ಕೇಳಿದರು. ಅಜ್ಜ ಆಗ ಹಾಸಿಗೆ ಹಿಡಿದಿದ್ದರು. "ಗುಡ್ಡೆಯಲ್ಲಿ," ಎಂದು ಕೈ ತೋರಿಸಿದರಂತೆ, ಅಷ್ಟೆ. ಮಾವ ಗುಡ್ಡೆ ಹತ್ತಿದರು. ಇಳಿಜಾರಿನಲ್ಲಿ, ಪೊದೆಗಳ ನಡುವೆ, ಉದ್ದಕ್ಕೆ ಮಲಗಿದಂತೆ ಒಂದು ಮಣ್ಣಿನ ದಿಬ್ಬ ಕಂಡಿತು. ಅಂಥ ದಿಬ್ಬ ಕಂಡರೆ ನಮ್ಮವರ ಮನಸ್ಸಿಗೆ ಮೊದಲು ಬರುವುದು ದೂಪೆಯೇ. ಹೂಳಿದವರ ಮೇಲೆ ದೂಪೆ ಕಟ್ಟುವ ಕ್ರಮವಿಲ್ಲವಲ್ಲ ಎಂದು ಮಾವನಿಗೆ ಹೊಳೆಯಲಿಲ್ಲ, ಅಮ್ಮನಿಗೂ ಹೊಳೆಯಲಿಲ್ಲ. ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದ ನನಗೂ ಹೊಳೆಯಲಿಲ್ಲ. ಹುಡುಕುತ್ತಿದ್ದದ್ದು ಸಿಕ್ಕಿದ ಮೇಲೆ ಮತ್ತೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಅಂದಿನಿಂದ ಪ್ರತಿ ದೀಪಾವಳಿಗೆ ಅಲ್ಲಿ ಒಂದು ದೀಪ, ಬಾಳೆಲೆಯ ತುಂಡಿನಲ್ಲಿ ಅವಲಕ್ಕಿ ಬೆಲ್ಲ, ಒಂದು ಎಳನೀರು. ಅಜ್ಜನ ಮನೆ ಪಾಲಾಗಿ ಮಾರಿಹೋಯಿತು. ಮಾವ ತೀರಿಕೊಂಡರು. ಆ ಮೇಲೂ ಅಮ್ಮ ಮತ್ತು ನಾನು ಉಪ್ಪಳದಿಂದ ಆಟೋ ಮಾಡಿಕೊಂಡು ಹೋಗುತ್ತಿದ್ದೆವು. ಅಮ್ಮ ದಿಬ್ಬದ ಪಕ್ಕ ಕುಳಿತು ಆ ವರ್ಷದ ಸುದ್ದಿಗಳನ್ನೆಲ್ಲ ಮೆಲ್ಲಗೆ ಹೇಳುತ್ತಿದ್ದರು. ಮೊಮ್ಮಗಳು ಹೆತ್ತದ್ದು, ತನ್ನ ಕಣ್ಣಿನ ಆಪರೇಷನ್ ಆದದ್ದು. ನಾನು ಸ್ವಲ್ಪ ದೂರ ನಿಲ್ಲುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ನಮ್ಮ ಕಾಯಂ ಆಟೋದವರು ಗೇಟಿನ ಹತ್ತಿರ ನಿಲ್ಲಿಸಿ ಹೇಳಿದರು: "ಅಮ್ಮ, ನಿಮ್ಮ ಗುಡ್ಡೆ ತೆಗೀತಾ ಇದ್ದಾರೆ, ಗೊತ್ತುಂಟಾ? ಮಣ್ಣು ಪೂರಾ ಹೈವೇಗೆ."

ಅಮ್ಮ ಸೀರೆ ಬದಲಿಸಲಿಲ್ಲ. ದೀಪವನ್ನೂ ಎಣ್ಣೆಯನ್ನೂ ಚೀಲಕ್ಕೆ ಹಾಕಿ ಆಟೋದಲ್ಲಿ ಕುಳಿತುಬಿಟ್ಟರು.

ಅಂದು ಭಾನುವಾರ. ಗುಡ್ಡೆಯ ಬುಡದಲ್ಲಿ ಜೆಸಿಬಿ ಒಂದು ಕೈ ಮಡಚಿಕೊಂಡು ನಿಂತಿತ್ತು. ರಸ್ತೆಯ ಕಡೆಯ ಭಾಗವನ್ನು ನೆಟ್ಟಗೆ ಕಡಿದು ತೆಗೆದಿದ್ದರು. ನಾವು ಹಿಂದಿನ ಕಾಲುದಾರಿಯಿಂದ ಹತ್ತಿದೆವು. ದಿಬ್ಬ ಇದ್ದಂತೆಯೇ ಇತ್ತು. ಅಮ್ಮ ಅದರ ಪಕ್ಕ ಕುಸಿದು ಕುಳಿತು, ಸೆರಗಿನಲ್ಲಿ ಮುಖ ಒರೆಸಿಕೊಂಡರು. ಉಸಿರು ಹಿಡಿತಕ್ಕೆ ಬಂದ ಮೇಲೆ ದೀಪ ಹಚ್ಚಿದರು.

ಕೆಳಗಿನ ಬ್ಯಾರಿ ಮುಸ್ಲಿಮರ ಮನೆಯ ಹಿರಿಯರು ಕೋಲೂರಿಕೊಂಡು ಮೇಲೆ ಬಂದರು. ನಾವು ಅಜ್ಜನ ಮನೆಯ ಕಡೆಯವರೆಂದು ಅವರಿಗೆ ಗೊತ್ತು, ವರ್ಷಕ್ಕೊಮ್ಮೆ ದೂರದಿಂದಲೇ ತಲೆಯಾಡಿಸುವಷ್ಟು ಪರಿಚಯ. ಅಮ್ಮನಿಗಿಂತ ಐದಾರು ವರ್ಷ ಚಿಕ್ಕವರಿರಬಹುದು. ಮಾತೆಲ್ಲ ತುಳುವಿನಲ್ಲಿ ಆಯಿತು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದೆಂತ ಅಕ್ಕ, ಬೇಸಿಗೆಯಲ್ಲಿ ದೀಪಾವಳಿಯಾ?"

"ಜೆಸಿಬಿಯವರು ಹಬ್ಬದವರೆಗೆ ಕಾಯ್ತಾರಾ?" ಎಂದರು ಅಮ್ಮ.

ಅವರು ನಕ್ಕು ಒಂದು ಕಲ್ಲಿನ ಮೇಲೆ ಕುಳಿತರು. "ಒಂದು ಕೇಳಬೇಕು ಅಂತ ಎಷ್ಟೋ ವರ್ಷದಿಂದ ಇದ್ದೆ. ಇದು ಯಾವ ಭೂತ ಅಕ್ಕ? ನಿಮ್ಮದು ಎಂತದೋ ಇರಬೇಕು ಅಂತ ನಮ್ಮವಳು ಆಡನ್ನು ಸಹ ಈ ಕಡೆ ಬಿಡುವುದಿಲ್ಲ. ಒಮ್ಮೆ ಒಂದು ಬಂದು ನಿಮ್ಮ ಅವಲಕ್ಕಿ ತಿಂದದ್ದಕ್ಕೆ ನನಗೇ ಬೈಗಳು."

"ಭೂತ ಎಂತದು ಮಾರಾಯ! ನನ್ನ ಅಮ್ಮ."

ಅವರ ಮುಖದ ನಗು ನಿಧಾನವಾಗಿ ಇಳಿಯಿತು. ದಿಬ್ಬವನ್ನು ನೋಡಿದರು, ಅಮ್ಮನನ್ನು ನೋಡಿದರು, ಕೊನೆಗೆ ನನ್ನ ಮುಖ ನೋಡಿದರು. ನಾನು ಏನಾದರೂ ಸಹಾಯ ಮಾಡಬಹುದೇ ಎಂಬಂತೆ.

"ಅಕ್ಕ, ಇದು ಸುರಂಗದ ಮಣ್ಣು."

ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದು ನೀರು ತರುವ ಸುರಂಗಗಳು ನಮ್ಮ ಕಡೆ ಎಷ್ಟೋ ಮನೆಗಳಿಗೆ ಉಂಟು. ಕೊರೆದ ಮಣ್ಣನ್ನು ಬಾಯಿಯ ಹತ್ತಿರವೇ ಸುರಿಯುತ್ತಾರೆ. ಅವರು ಎದ್ದು ಹೋಗಿ ಪೊದೆಯನ್ನು ಕೋಲಿನಿಂದ ಸರಿಸಿದರು. ಕುಸಿದು ಮುಚ್ಚಿಹೋದ ಬಾಯಿ, ಅದರ ಮೇಲೆ ಜರಿಗಿಡ. "ಅಪ್ಪ ಕೊರೆಸಿದ್ದು. ನೀರು ಸಿಗಲಿಲ್ಲ, ಬಿಟ್ಟರು."

ಅಮ್ಮ ದೀಪದ ಕಡೆ ತಿರುಗಿದರು. "ಹಾಗಾದರೆ ಇಷ್ಟು ವರ್ಷ ನಾನು ಸುಖದುಃಖ ಹೇಳಿದ್ದು ಬಾರದ ನೀರಿಗೆ," ಎಂದರು. ನಗುತ್ತಿದ್ದಾರೋ ಅಳುತ್ತಿದ್ದಾರೋ ಎಂದು ನನಗೆ ತಿಳಿಯಲಿಲ್ಲ. ಆಮೇಲೆ ಗಟ್ಟಿಯಾದ ದನಿಯಲ್ಲಿ ಕೇಳಿದರು: "ಸಿಡುಬಿನಲ್ಲಿ ಹೋದವರನ್ನು ಈ ಗುಡ್ಡೆಗೆ ಹೊರುತ್ತಿದ್ದವರು ಯಾರು ಅಂತ ಗೊತ್ತುಂಟಾ ನಿಮಗೆ?"

"ಗೊತ್ತಿಲ್ಲದೆ ಎಂತ? ನನ್ನ ಅಪ್ಪನೇ ಒಬ್ಬರು. ನಿಮ್ಮ ಅಮ್ಮನನ್ನು ಹೊತ್ತದ್ದು ಹೇಳುತ್ತಿದ್ದರು. ಆ ಮನೆಯಿಂದ ಒಬ್ಬರೇ ಅಲ್ಲವಾ?"

"ಒಬ್ಬರೇ. ಎಲ್ಲಿ ಇಟ್ಟದ್ದು?"

"ಮೇಲೆ ಪೂರಾ ಪಾರೆ, ಬರೀ ಬಂಡೆ, ಅಗೆಯಲಿಕ್ಕೆ ಆಗುವುದಿಲ್ಲ. ಪಾರೆ ಮುಗಿದು ಮಣ್ಣು ಸುರುವಾಗುವಲ್ಲಿ ಇಟ್ಟದ್ದಂತೆ. ನರಿ ಅಗೆಯದ ಹಾಗೆ ಮುಳ್ಳು ಹಾಕಿ ಮೇಲೆ ಕಲ್ಲು ಹೇರಿದ್ದು."

"ಅದು ಎಲ್ಲಿ?"

ಅವರು ಕೋಲನ್ನು ಎತ್ತಿ ತೋರಿಸಿದರು. ಕೋಲಿನ ತುದಿಯಾಚೆ ಗುಡ್ಡೆ ಇರಲಿಲ್ಲ. ಕಡಿದ ಅಂಚಿನ ಆಚೆ ಬರೀ ಆಕಾಶ, ದೂರದಲ್ಲಿ ತೆಂಗಿನ ತಲೆಗಳು.

ಅಮ್ಮ ಇಳಿಯಲೇಬೇಕೆಂದು ಹಟ ಹಿಡಿದರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದರಲ್ಲಿ ಆ ಹಿರಿಯರ ಕೋಲು. ಲಾರಿ ಬರುವ ದಾರಿಯಿಂದ ಕಡಿದ ಗೋಡೆಯ ಬುಡಕ್ಕೆ ಬಂದೆವು.

ಅಲ್ಲಿ ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಗೋಡೆ ಒಂದು ಬದಿಯಲ್ಲಿ ಎರಡಾಳೆತ್ತರ, ಇನ್ನೊಂದು ಬದಿಗೆ ತಗ್ಗಿ ಎದೆಮಟ್ಟ. ಎತ್ತರದ ಕಡೆ ಮೇಲೆ ಕಪ್ಪು ಪಾರೆ, ಕೆಳಗೆ ಮುರಕಲ್ಲಿನ ಕೆಂಪು ಮಣ್ಣು. ಪಾರೆ ತೆಳುವಾಗುತ್ತ ಬಂದು ನಿಲ್ಲುವಲ್ಲಿ ಕೆಂಪಿನ ನಡುವೆ ಬೇರೆ ಬಣ್ಣದ ಒಂದು ಪಟ್ಟಿ ಮೇಲಿನಿಂದ ಕೆಳಗೆ ಇಳಿದಿತ್ತು. ಕಂದು ಬಣ್ಣದ ಸಡಿಲ ಮಣ್ಣು, ಅದರೊಳಗೆ ಸಣ್ಣ ಬೇರುಗಳು. ಎರಡು ಅಂಚೂ ನೆಟ್ಟಗಿದ್ದವು, ತಳ ಸಮನಾಗಿತ್ತು. ಜೆಸಿಬಿಯ ಹಲ್ಲಿನ ಗೀರುಗಳು ಕೆಂಪು ಮಣ್ಣಿನಲ್ಲಿ ಸ್ಪಷ್ಟವಾಗಿ ಓಡಿಬಂದು ಆ ಪಟ್ಟಿಯಲ್ಲಿ ಮಾತ್ರ ಉದುರಿಹೋಗಿದ್ದವು. ಮೇಲೆ ಹುಲ್ಲಿನಂಚಿನಲ್ಲಿ ಎರಡು ಕಾಡುಕಲ್ಲುಗಳು ಒಂದರ ಮೇಲೊಂದು ಕುಳಿತಿದ್ದವು. ಎಲುಬು, ಬಟ್ಟೆ, ಬಳೆಚೂರು ಯಾವುದೂ ಕಾಣಲಿಲ್ಲ. ಯಾರೋ ಗೇರು ಸಸಿಗೆ ತೋಡಿ ಬಿಟ್ಟ ಗುಂಡಿಯೂ ಆಗಿರಬಹುದು. ಹಾಗೆಂದು ನಾನು ಇವತ್ತಿಗೂ ನನಗೆ ಹೇಳಿಕೊಳ್ಳುತ್ತೇನೆ. ಆದರೆ ಅಂದು ಹತ್ತಿರ ಹೋಗಲು ನನ್ನಿಂದ ಆಗಲಿಲ್ಲ.

ಅಮ್ಮ ಹೋದರು. ಅಂಗೈಯನ್ನು ಆ ಮಣ್ಣಿಗೆ ಒತ್ತಿ ಇಟ್ಟರು, ಜ್ವರ ನೋಡುವ ಹಾಗೆ.

"ತಂಪುಂಟು," ಎಂದರು.

ಕೈ ತೆಗೆಯದೆಯೇ ಕೇಳಿದರು: "ಇದರ ಈಚೆಯ ಅರ್ಧ?"

ಹಿರಿಯರು ನೆಲ ನೋಡುತ್ತ ಹೇಳಿದರು: "ಈಚೆಯದ್ದು ಹೋಯಿತಲ್ಲ ಅಕ್ಕ. ಉಪ್ಪಳದ ಹತ್ತಿರ ರಸ್ತೆ ಎತ್ತರ ಮಾಡಿದ್ದು ಉಂಟಲ್ಲ, ಅಲ್ಲಿಗೆ. ನಾನು ದಿನಾ ಲಾರಿ ನೋಡ್ತಾ ಇದ್ದೆ. ನೀವು ದೀಪ ಇಡುವುದು ಇವರಿಗೆ ಅಂತ ಗೊತ್ತಿದ್ದರೆ ಒಂದು ಮಾತು ಹೇಳಿ ಕಳಿಸುತ್ತಿದ್ದೆ."

"ನಾನು ಕೇಳಿದ್ದರೆ ನೀವು ಹೇಳುತ್ತಿದ್ದಿರಿ," ಎಂದರು ಅಮ್ಮ. ಅದರಲ್ಲಿ ಸಿಟ್ಟಿರಲಿಲ್ಲ. ಕೋಲನ್ನು ಅವರಿಗೆ ಹಿಂದೆ ಕೊಟ್ಟು, ಕೈಯ ಮಣ್ಣನ್ನು ಒರೆಸಿಕೊಳ್ಳದೆ ಆಟೋ ಹತ್ತಿದರು.

ಹೊಸಂಗಡಿಯಲ್ಲಿ ಹೆದ್ದಾರಿ ಸೇರಿ, ಉಪ್ಪಳದ ಹತ್ತಿರ ಹೊಸದಾಗಿ ಎತ್ತರಿಸಿದ ಭಾಗಕ್ಕೆ ಆಟೋ ಏರಿತು. ಅಮ್ಮ ಚಪ್ಪಲಿ ಕಳಚಿದರು. ಒಂದೊಂದೇ ಕಾಲನ್ನು ಎರಡು ಕೈಯಿಂದ ಹಿಡಿದು ಎತ್ತಿ ಸೀಟಿನ ಮೇಲೆ ಇಟ್ಟುಕೊಂಡರು. ಮೆಟ್ಟಿಲು ಹತ್ತಲೂ ಕಷ್ಟಪಡುವ ಮೊಣಕಾಲು ಅವು. ನೋವಿಗೆ ತುಟಿ ಕಚ್ಚಿದ್ದು ಕಂಡಿತು.

ಕನ್ನಡಿಯಲ್ಲಿ ನೋಡಿದ ಆಟೋದವರು, "ಎಂತಾಯ್ತು ಅಮ್ಮ, ಕಾಲು ನೋವಾ?" ಎಂದರು.

"ಎಂತ ಇಲ್ಲ. ನೀನು ಸ್ವಲ್ಪ ಮೆಲ್ಲ ಹೋಗು."

ಅವರು ವೇಗ ತಗ್ಗಿಸಿದರು. ಲಾರಿ, ಬಸ್ಸುಗಳು ಹಾರನ್ ಹೊಡೆಯುತ್ತ ನಮ್ಮನ್ನು ದಾಟಿ ಹೋದವು. ಯಾವ ಗುಡ್ಡೆಯ ಮಣ್ಣು ಎಲ್ಲಿಂದ ಎಲ್ಲಿಯವರೆಗೆ ಬಿದ್ದಿದೆ ಎಂದು ರಸ್ತೆ ನೋಡಿ ಹೇಳುವುದು ಸಾಧ್ಯವಿಲ್ಲ. ಉದ್ದಕ್ಕೂ ಒಂದೇ ಕಪ್ಪು ಡಾಮರು. ಅಮ್ಮ ಕಾಲು ಇಳಿಸಲಿಲ್ಲ. ನಮ್ಮ ಮನೆಯ ದಾರಿಗೆ ತಿರುಗಿದ ಮೇಲೆ ನಾನು, "ಅಮ್ಮ, ಇನ್ನು ಇಳಿಸಬಹುದು," ಎಂದೆ.

"ಇರಲಿ, ಸ್ವಲ್ಪ," ಎಂದರು.