ಮದುಮಗನನ್ನು ಹೊಗಳಿದ ದಿನ

ಕಳೆದ ಸೋಮವಾರ ಬೆಳಿಗ್ಗೆ ಟಿವಿ ಹಾಕಿದರೆ ಮದುಮಗ ಕೋಟು, ಟೈ ತೊಟ್ಟು ಕಾಮೆಂಟೇಟರುಗಳ ಸಾಲಿನಲ್ಲಿ ಕುಳಿತಿದ್ದ. ಕಿವಿಯ ಪಕ್ಕದ ಕೂದಲು ನರೆತಿದೆ. ಮೊಣಕಾಲು ಕೈಕೊಟ್ಟು ಆಟ ಬಿಟ್ಟವನಿಗೆ ಒಳ್ಳೆಯ ಕುರ್ಚಿಯನ್ನೇ ಕೊಟ್ಟಿದ್ದಾರೆ. ಇಷ್ಟು ವರ್ಷ ಮಾಧ್ಯಮದವರು ಅವನನ್ನು ಹೊಗಳುತ್ತಿದ್ದರು, ಈಗ ಆ ಕೆಲಸವನ್ನೂ ಅವನಿಗೇ ವಹಿಸಿಬಿಟ್ಟಿದ್ದಾರೆ. ಎಲ್ಲರಿಗೂ ಅನುಕೂಲ.

ಮದುಮಗ ಯಾರೆಂದು ನಿಮಗೆ ಗೊತ್ತಿರಲಾರದು. ಗೊತ್ತಿಲ್ಲದಿದ್ದರೆ ನೀವು ಸುಖಿಗಳು, ಹಾಗೇ ಇರಿ ಎನ್ನಬಹುದಿತ್ತು. ಆದರೆ ಹೇಳದೆ ನನಗೆ ತಡೆಯದು. ಅವನು ಅಮೆರಿಕನ್ ಫುಟ್‌ಬಾಲಿನ ಕ್ವಾರ್ಟರ್‌ಬ್ಯಾಕ್. ಅಂದರೆ, ಚೆಂಡನ್ನು ಮೊದಲು ಕೈಗೆ ತೆಗೆದುಕೊಂಡು, ಯಾರಿಗೆ ಎಸೆಯಬೇಕೆಂದು ತೀರ್ಮಾನಿಸಿ ಎಸೆಯುವವನು. ಅವನ ಮುಂದೆ ಐದು ಜನ ದಢೂತಿಗಳು ಗೋಡೆಯಂತೆ ನಿಂತು, ನುಗ್ಗಿ ಬರುವ ಎದುರಾಳಿಗಳಿಂದ ಗುದ್ದಿಸಿಕೊಳ್ಳುತ್ತಾರೆ. ಆ ತುದಿಯಲ್ಲಿ ಇನ್ನೊಬ್ಬ ಏದುಸಿರು ಬಿಡುತ್ತ ಓಡಿ, ಚೆಂಡು ಹಿಡಿದು, ನಾಲ್ಕು ಜನರ ಕೆಳಗೆ ಬೀಳುತ್ತಾನೆ. ಮರುದಿನ ಪೇಪರಿನಲ್ಲಿ ಎಸೆದವನ ಫೋಟೊ ಬರುತ್ತದೆ.

ಮದುಮಗ ಎಂದು ಹೆಸರಿಟ್ಟವನು ನಾನೇ. ನಮ್ಮ ಕಡೆಯ ಮದುವೆ ವಿಡಿಯೊಗಳನ್ನು ನೋಡಿದ್ದೀರಲ್ಲ? ಗಂಡು ಹಾರ ಸರಿಮಾಡಿಕೊಂಡ, ಗಂಡು ನೀರು ಕುಡಿದ, ಗಂಡು ಬೆವರು ಒರೆಸಿಕೊಂಡ, ಗಂಡು ಯಾರನ್ನೋ ನೋಡಿ ನಕ್ಕ. ನಸುಕಿನಿಂದ ಒಲೆಯ ಮುಂದೆ ಬೆಂದ ಅಡುಗೆಯವರು ಇಡೀ ಕ್ಯಾಸೆಟ್ಟಿನಲ್ಲಿ ಒಂದೇ ಒಂದು ಸಲ, ಅದೂ ಯಾರದೋ ಚಿಕ್ಕಪ್ಪನ ಮೊಣಕೈಯ ಹಿಂದೆ. ಅಮೆರಿಕದ ಕ್ಯಾಮೆರಾದವರೂ ಅದೇ ಕಸುಬಿನವರು. ಅತ್ತ ಮೈದಾನದಲ್ಲಿ ಎದುರಾಳಿಗಳು ಆಡುತ್ತಿದ್ದರೆ, ಇತ್ತ ಬೆಂಚಿನಲ್ಲಿ ಕುಳಿತು ಉಗುರು ಕಚ್ಚುವ ಇವನ ಮುಖ ಪರದೆಯ ತುಂಬ. ಉಗುರು ಕಚ್ಚುವುದರಲ್ಲೂ ಅವರಿಗೆ ನಾಯಕತ್ವ ಕಾಣುತ್ತಿತ್ತು. ನಾನೂ ಐವತ್ತರ ಹತ್ತಿರ ಬಂದೆ, ಬುದ್ಧಿ ಬಂದಾಗಿನಿಂದ ಉಗುರು ಕಚ್ಚುತ್ತಿದ್ದೇನೆ. ಯಾರೂ ನಾಯಕನೆನ್ನಲಿಲ್ಲ.

ನನ್ನವನು ಬೇರೆ ತಂಡದ ಕ್ವಾರ್ಟರ್‌ಬ್ಯಾಕ್. ಬೋಳುತಲೆ, ತುಸು ಗೂನು, ತನ್ನ ಆಟಗಾರರನ್ನೇ ತುಂಟ ಮಕ್ಕಳಂತೆ ಗದರಿಸುವ ಚಾಳಿ. ಅವನು ನಮ್ಮ ಮೇಷ್ಟ್ರು. ಮೇಷ್ಟ್ರು ಗೆದ್ದರೆ ಕಾಮೆಂಟೇಟರುಗಳು ಅದೃಷ್ಟ ಎನ್ನುತ್ತಿದ್ದರು, ಸೋತರೆ ವಯಸ್ಸಾಯಿತು ಎನ್ನುತ್ತಿದ್ದರು. ಮದುಮಗ ಚೆಂಡನ್ನು ಸೀದಾ ಎದುರಾಳಿಯ ಕೈಗೆ ಎಸೆದರೆ ಮಾತ್ರ, ಹಿಡಿಯಬೇಕಾದವನು ದಾರಿ ತಪ್ಪಿ ಓಡಿದ ಎಂಬ ವಿವರಣೆ ಸಿದ್ಧವಾಗಿರುತ್ತಿತ್ತು.

ಸಿಡ್ನಿಯಲ್ಲಿ ಕುಳಿತು ಇದೆಲ್ಲ ನಿನಗೇಕೆ ಎಂದು ನೀವು ಕೇಳುವುದು ನ್ಯಾಯ. ನನ್ನ ಹೆಂಡತಿ ವಸುಧಾ ಕೂಡ ಕೇಳಿದ್ದಾಳೆ. ಈ ದೇಶದಲ್ಲಿ ಫುಟ್‌ಬಾಲ್ ಎಂಬ ಹೆಸರಿನ ಆಟಗಳಿಗೆ ಬರವಿಲ್ಲ, ಸಿಡ್ನಿಯವರಿಗೆ ಒಂದು ಪ್ರಾಣ, ಮೆಲ್ಬರ್ನಿನವರಿಗೆ ಇನ್ನೊಂದು. ಅವನ್ನೆಲ್ಲ ಬಿಟ್ಟು, ಯಾರೂ ನೋಡದ ಅಮೆರಿಕದ ಆಟಕ್ಕೆ ಗಂಟುಬಿದ್ದವರು ಚಾಟ್ಸ್‌ವುಡ್‌ನ ನಮ್ಮ ಆಫೀಸಿನ ಇಬ್ಬರು ಕನ್ನಡಿಗರು. ಕಂಪನಿಯ ಬೇರು ಅಮೆರಿಕದಲ್ಲಿತ್ತು, ಅಲ್ಲಿಂದ ಬಂದ ಮ್ಯಾನೇಜರೊಬ್ಬ ಈ ಚಟ ಹತ್ತಿಸಿ ತಾನು ಊರಿಗೆ ಮರಳಿದ. ನಾನು ಮೈಸೂರಿನವನು. ಇನ್ನೊಬ್ಬ ಮಂಗಳೂರಿನ ಸಿರಿಲ್. ಮನೆಯಲ್ಲಿ ಕೊಂಕಣಿ, ಚರ್ಚಿನಲ್ಲಿ ಇಂಗ್ಲಿಷ್, ನನ್ನನ್ನು ಬೈಯಲು ಕನ್ನಡ. ಇಬ್ಬರ ಮನೆಯೂ ಕ್ವೇಕರ್ಸ್ ಹಿಲ್‌ನಲ್ಲಿ. ಈ ಆಟ ಬರುವ ಪೇ ಟಿವಿ ನಮ್ಮ ಮನೆಯಲ್ಲಿದ್ದ ಕಾರಣ ಸೋಮವಾರ ರಜೆ ಸಿಕ್ಕಾಗಲೆಲ್ಲ ಅವನು ನಮ್ಮ ಸೋಫಾದಲ್ಲಿರುತ್ತಿದ್ದ. "ಡ್ಯಾಡ್, ಲಿಟ್ರಲಿ ನೋಬಡಿ ವಾಚಸ್ ದಿಸ್," ಎಂದು ಮಗಳು ಸ್ಕೂಲಿಗೆ ಹೊರಡುತ್ತಿದ್ದಳು.

ತೊಂದರೆಯೆಂದರೆ ಸಿರಿಲ್ ಮದುಮಗನ ಭಕ್ತ. ಅದನ್ನು ಕ್ಷಮಿಸಬಹುದಿತ್ತು. ಆದರೆ ಮಾಧ್ಯಮದವರು ಮದುಮಗನ ವಿರುದ್ಧ ಪಕ್ಷಪಾತ ಮಾಡುತ್ತಾರೆಂಬುದು ಅವನ ಗಾಢ ನಂಬಿಕೆ.

"ಕೇಳಿದೆಯಾ ಮಾರಾಯ?" ಎನ್ನುತ್ತಿದ್ದ. "ಒಳ್ಳೆ ಎಸೆತ ಅಂದ್ರು. ಅಷ್ಟೇ. ಅದ್ಭುತ ಅನ್ಲಿಕ್ಕೆ ಇವರಿಗೆ ಎಂತ ರೋಗ?"

"ಅದು ಒಳ್ಳೆ ಎಸೆತವೇ ಅಲ್ಲ ಕಣೋ. ಹಿಡಿದೋನು ಹಾರಿ ಹಿಡಿದ."

"ನೀನೂ ಅವರ ಪೈಕಿಯೇ ಬಿಡು."

ಒಂದೇ ಮಾತು ಕೇಳಿ ಇಬ್ಬರಿಗೂ ಒಟ್ಟಿಗೆ ಅವಮಾನವಾಗುತ್ತಿತ್ತು. ಅವರು ಮದುಮಗನನ್ನು ಹೊಗಳಿದಾಗ ನಾನು ಟಿವಿಯ ದನಿ ಅಡಗಿಸುತ್ತಿದ್ದೆ, ಮೇಷ್ಟ್ರನ್ನು ಹೊಗಳಿದಾಗ ಅವನು. ಹೀಗಾಗಿ ಇಡೀ ಆಟ ಬಹುಮಟ್ಟಿಗೆ ಮೂಕಿಚಿತ್ರವಾಗಿ, ನಮ್ಮಿಬ್ಬರ ಬೈಗುಳವೇ ಅದರ ಹಿನ್ನೆಲೆ ಸಂಗೀತವಾಗಿ ನಡೆಯುತ್ತಿತ್ತು.

ಆಮೇಲೆ ಸಿರಿಲ್‌ಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿತು. ಬಾಕ್ಸ್ ಹಿಲ್‌ನಲ್ಲಿ ಮನೆ ಮಾಡಿ, ಪೇ ಟಿವಿ ಹಾಕಿಸಿಕೊಂಡ. ಅಲ್ಲಿಂದ ಮುಂದೆ ಜಗಳ ಫೋನಿನಲ್ಲಿ.

ಒಂದು ಜನವರಿಯ ಶನಿವಾರ ಫೋನು ಬಂತು. ಸಿರಿಲ್ ಅಲ್ಲ, ಅವನ ಹೆಂಡತಿ ಫ್ಲೇವಿ. ಟ್ರೇನ್ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಅವನಿಗೆ ಎದೆ ಹಿಡಿದುಕೊಂಡಿದೆ. ಆಸ್ಪತ್ರೆಗೆ ಸೇರಿಸಿದ್ದಾರೆ. ಮಂಗಳವಾರ ಬೈಪಾಸ್.

"ಡಾಕ್ಟರ್ ಏನೂ ಹೆದರ್ಲಿಕ್ಕಿಲ್ಲ ಅಂತ ಹೇಳಿದ್ದಾರೆ," ಎಂದರು. "ದಿನಾ ಮಾಡುವ ಆಪರೇಷನ್ ಅಂತೆ. ಆದರೆ ಇವರು ಬಾಯಿಯೇ ಬಿಡುದಿಲ್ಲ. ಗೋಡೆ ನೋಡ್ಕೊಂಡು ಮಲಗ್ತಾರೆ. ಸೋಮವಾರ ಏನೋ ಮ್ಯಾಚ್ ಉಂಟಂತಲ್ಲ? ಇಲ್ಲಿ ಟಿವಿಯಲ್ಲಿ ಅದು ಬರುದಿಲ್ಲ. ನೀವು ನೋಡಿ ಫೋನಿನಲ್ಲಿ ಹೇಳಿದರೆ ಸ್ವಲ್ಪ ಧೈರ್ಯ ಬರ್ತದೆ. ಮೆಲ್ಲಗೆ ಹೇಳಿ. ಟೆನ್ಷನ್ ಮಾಡ್ಬೇಡಿ."

ಹೌದು, ಮ್ಯಾಚ್ ಇತ್ತು. ಸೆಮಿಫೈನಲ್. ಇಷ್ಟು ದೊಡ್ಡ ಅಮೆರಿಕದಲ್ಲಿ ಬೇರೆ ತಂಡಗಳೇ ಸಿಗಲಿಲ್ಲವೇನೋ, ಮದುಮಗನ ತಂಡಕ್ಕೂ ಮೇಷ್ಟ್ರ ತಂಡಕ್ಕೂ.

ನಾನು ಚಿಂತೆ ಮಾಡುವುದರಲ್ಲಿ ಪಳಗಿದವನು. ಮದುಮಗ ಸೋತರೆ ಸಿರಿಲ್‌ನ ಹೃದಯಕ್ಕೆ ಪೆಟ್ಟು. ಗೆದ್ದರೆ ಅವನು ಹಾಸಿಗೆಯಿಂದ ಹಾರಿ ಕುಣಿದು ಅದಕ್ಕೂ ಪೆಟ್ಟು. ಡ್ರಾ ಆಗುವ ಆಟ ಇದಲ್ಲ. ಇಡೀ ಭಾನುವಾರ ಹೀಗೆಯೇ ಕಳೆಯಿತು. ಸೋಮವಾರ ಬೆಳಿಗ್ಗೆ ಆಫೀಸಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿದೆ, ಸುಳ್ಳಿಗೆ ಶಿಕ್ಷೆಯಾಗಿ ಹೊಟ್ಟೆನೋವು ಬಂದೀತೆಂದು ಚಿಂತಿಸಿದೆ, ಬಂತು.

ಆಟ ಶುರುವಾದದ್ದೇ ನನ್ನ ಜೀವಮಾನದ ಆಸೆ ಕಣ್ಣೆದುರು ಬಿಚ್ಚಿಕೊಂಡಿತು. ಮದುಮಗ ತಾಂಬೂಲ ಹಂಚುವವನಂತೆ ಎದುರಾಳಿಗಳನ್ನು ಹುಡುಕಿ ಹುಡುಕಿ ಚೆಂಡು ಕೊಡುತ್ತಿದ್ದ. ಮೇಷ್ಟ್ರು ಪಾಠ ಮಾಡುತ್ತಿದ್ದರು. ಕುಣಿಯಬೇಕಾದ ನಾನು ಫೋನು ಹಿಡಿದು ಕುಳಿತೆ.

"ಎಷ್ಟಾಯ್ತು?" ಸಿರಿಲ್‌ನ ದನಿ ಸಣ್ಣಗಿತ್ತು.

"ಹದಿನಾಲ್ಕು, ಸೊನ್ನೆ."

"ಯಾರಿಗೆ ಸೊನ್ನೆ?"

"ನಿಮ್ಮೋನಿಗೆ. ಆದ್ರೆ ಅವನ ತಪ್ಪೇನಿಲ್ಲ. ಅವನು ಚೆನ್ನಾಗೇ ಎಸೀತಿದಾನೆ, ಹಿಡಿಯೋರು ಬಿಡ್ತಿದಾರೆ."

"ಪುನಃ ಹೇಳು."

"ಹಿಡಿಯೋರು ಬಿಡ್ತಿದಾರೆ ಅಂದೆ. ಗಾಳಿ ಬೇರೆ."

ಎರಡನೆಯ ಸಲ ಫೋನು ಮಾಡುವಷ್ಟರಲ್ಲಿ ಮದುಮಗನ ಸ್ಥಿತಿ ಇನ್ನೂ ಕೆಟ್ಟಿತ್ತು. ನಾನು ಕಣ್ಣು ಮುಚ್ಚಿ, ವರ್ಷಗಳಿಂದ ಯಾವ ಮಾತಿಗೆ ಟಿವಿಯ ದನಿ ಅಡಗಿಸುತ್ತಿದ್ದೆನೋ ಅದನ್ನೇ ಹೇಳಿದೆ. "ಸೋಲ್ತಿದ್ರೂ ಅವನ ಮುಖ ನೋಡಬೇಕು ಸಿರಿಲ್. ಎಂಥಾ ಶಾಂತಿ. ನಾಯಕತ್ವ ಅಂದ್ರೆ ಅದು."

"ಮತ್ತೆ ಮೇಷ್ಟ್ರು?"

"ಮೇಷ್ಟ್ರದು ಬರೀ ಅದೃಷ್ಟ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ವಸುಧಾ ಇಣುಕಿ ನೋಡಿದಳು.

"ಫ್ಲೇವಿ ನಿನ್ನ ಹತ್ರ ಎಂತಾದ್ರೂ ಹೇಳಿದ್ಲಾ?" ಸಿರಿಲ್ ಕೇಳಿದ.

"ಏನೂ ಇಲ್ವಲ್ಲ."

"ಸರಿ. ಮಗಳು ಹೇಗಿದ್ದಾಳೆ? ಓದ್ತಾಳಾ? ಚೆನ್ನಾಗಿ ನೋಡ್ಕೋ ಅವಳನ್ನು."

ಸೋಮವಾರಗಳಲ್ಲಿ ಅವನು ಎಂದೂ ನನ್ನ ಮಗಳ ಓದು ವಿಚಾರಿಸಿದವನಲ್ಲ. ನನ್ನ ವರದಿಗಾರಿಕೆ ಫಲಕೊಡುತ್ತಿದೆ, ಮನಸ್ಸು ಹಗುರಾಗಿದೆ ಎಂದುಕೊಂಡೆ. ಫೋನು ಇಟ್ಟಾಗ ವಸುಧಾ, "ಆ ಟಿವಿಯವರಿಗಾದ್ರೂ ಸುಳ್ಳು ಹೇಳೋಕೆ ಸಂಬಳ ಕೊಡ್ತಾರೆ," ಎಂದಳು.

ಕೊನೆಗೆ ಮದುಮಗ ಸೋತ. ಸೋಲು ಎಂಬ ಪದ ಸಾಲದು. ನಾನು ಸಿರಿಲ್‌ಗೆ, ಟಿವಿಯಲ್ಲಿ ಚಿತ್ರ ಹೋಯಿತು, ಫಲಿತಾಂಶ ಗೊತ್ತಿಲ್ಲ ಎಂದೆ. ಸುದ್ದಿ ತಡೆಹಿಡಿಯುವ ಕಲೆಯೂ ಕೈಗೆ ಬಂದಿತ್ತು.

"ಇರ್ಲಿ ಮಾರಾಯ," ಎಂದ ಮೃದುವಾಗಿ. "ಅದೆಲ್ಲ ಎಂತ ದೊಡ್ಡ ವಿಷಯ ಅಲ್ಲ."

ಮಧ್ಯಾಹ್ನ ಫ್ಲೇವಿಯ ಫೋನು. "ನೀವು ಎಂತ ಹೇಳಿದ್ದು ಅವರಿಗೆ? ಫಾದರನ್ನು ಕರೆಸು ಅಂತ ಕೂತಿದ್ದಾರೆ. ಕೊನೆಯ ಪ್ರಾರ್ಥನೆ ಆಗ್ಬೇಕಂತೆ. ಮನೆ ಪತ್ರ ಎಲ್ಲಿಟ್ಟಿದ್ದೇನೆ ಅಂತ ನನಗೆ ಹೇಳಿ ಕೊಡ್ತಾರೆ."

"ನಾನು ಬರೀ ಹೊಗಳಿದೆ ಅಷ್ಟೇ."

"ಯಾರನ್ನು?"

"ಮದುಮಗನ್ನ."

ಫ್ಲೇವಿಗೆ ಆಟದ ಗಂಧವಿಲ್ಲ. ಆದರೆ ಇಷ್ಟು ವರ್ಷ ನಮ್ಮಿಬ್ಬರ ಕಿರುಚಾಟ ಕೇಳಿದವರು. "ನಿಮಗೆ ಬುದ್ಧಿ ಉಂಟಾ?" ಎಂದರು. "ಈಗ ಅರ್ಥ ಆಯ್ತು. 'ಡಾಕ್ಟರ್ ನಿಮಗೆಲ್ಲ ಹೇಳಿದ್ದಾರೆ, ನನ್ನಿಂದ ಮಾತ್ರ ಮುಚ್ಚಿಟ್ಟಿದ್ದೀರಿ, ಇಲ್ಲದಿದ್ರೆ ಅವನ ಬಾಯಲ್ಲಿ ಆ ಮಾತು ಬರುದುಂಟಾ' ಅಂತ ಅಳ್ತಾರೆ. ಈ ಹೆದರಿಕೆಯಲ್ಲಿ ನಾಳೆ ಇವರನ್ನು ಒಳಗೆ ಕಳಿಸುದು ಹೇಗೆ ನಾನು?"

ಧೈರ್ಯ ತುಂಬಲು ಹೋಗಿ ನಾನು ನನ್ನ ಗೆಳೆಯನಿಗೆ ಮರಣದ ಸುದ್ದಿ ಓದಿದ್ದೆ, ಅದೂ ಮೂರು ಕಂತಿನಲ್ಲಿ. ಫೋನು ಅವನಿಗೆ ಕೊಡಿ ಎಂದೆ.

"ಟಿವಿ ಸರಿಯಾಯ್ತಾ?" ಸಿರಿಲ್ ಕೇಳಿದ, ಸಂತನ ದನಿಯಲ್ಲಿ.

"ಟಿವಿ ಕೆಟ್ಟಿರಲೇ ಇಲ್ಲ. ಕೆಟ್ಟಿದ್ದು ನಿನ್ನ ಮದುಮಗ. ಸೋತು ಸುಣ್ಣ ಆಗಿದಾನೆ."

"ಗಾಳಿ ಉಂಟು ಅಂದಿಯಲ್ಲ."

"ಗಾಳಿ ಇರೋದು ಅವನ ತಲೇಲಿ. ಎದುರಿನವರ ಎದೆಗೇ ಎಸೆದ ಕಣೋ, ಅವರು ಬೇಡ ಬೇಡ ಅಂದ್ರೂ ಕೊಟ್ಟ. ಹಿಡಿಯೋರದ್ದೇನೂ ತಪ್ಪಿಲ್ಲ. ಅವನು ಚೆಂಡು ಎಸೆಯೋಕೆ ಲಾಯಕ್ಕಲ್ಲ, ಕ್ರೀಮಿನ ಜಾಹೀರಾತಿಗೆ ಲಾಯಕ್ಕು. ನಾಯಕತ್ವವಂತೆ. ಬೆಂಚಿನಲ್ಲಿ ಕೂತು ಕೂದಲು ಸರಿಮಾಡ್ಕೋತಿದ್ದ."

ನಾನು ಬಿಡಲಿಲ್ಲ. ವರ್ಷಗಳ ದಾಸ್ತಾನು ನನ್ನಲ್ಲಿತ್ತು.

"ನಿಲ್ಲು ನಿಲ್ಲು," ಎಂದ ಸಿರಿಲ್. ದನಿ ಒಂದು ಮೆಟ್ಟಿಲು ಹತ್ತಿತ್ತು. "ಅವನ ಮುಂದಿನ ಸಾಲಿನಲ್ಲಿ ಇಬ್ಬರಿಗೆ ಪೆಟ್ಟಾಗಿದೆ ಗೊತ್ತುಂಟಾ ನಿನಗೆ? ಅದನ್ನು ಯಾಕೆ ಹೇಳುದಿಲ್ಲ? ನೀವೆಲ್ಲ ಸೇರಿ ಅವನನ್ನು ಮುಗಿಸ್ಲಿಕ್ಕೆ ನೋಡ್ತೀರಿ."

"ಮೇಷ್ಟ್ರ ಮುಂದೆಯೂ ಪೆಟ್ಟಾದೋರು ಇದ್ರು. ಅವರೇನು ಅತ್ತರಾ?"

"ಆ ಬೋಳನ ವಿಷಯ ನನ್ನ ಹತ್ರ ಮಾತಾಡ್ಬೇಡ!"

ಹಿಂದೆ ಯಾವುದೋ ಯಂತ್ರ ಕೂಗತೊಡಗಿತು. ನರ್ಸ್ ಬಂದ ಸದ್ದು. ಫೋನು ಅವನ ಕೈಯಿಂದ ದೂರ ಹೋಗುತ್ತಿರುವಾಗ, "ಎದ್ದ ಮೇಲೆ ನಿನಗೆ ಉಂಟು!" ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಎದ್ದ ಮೇಲೆ ಎಂದಿದ್ದ. ನಾನು ಆ ಮಾತನ್ನು ಹಿಡಿದುಕೊಂಡು ಕುಳಿತೆ.

ಫಾದರ್ ಬಂದರಂತೆ. ಸಿರಿಲ್ ಪ್ರಾರ್ಥನೆಯ ಮಾತೇ ಎತ್ತದೆ, ತಪ್ಪೊಪ್ಪಿಗೆಯ ಹೆಸರಿನಲ್ಲಿ ನನ್ನ ತಪ್ಪುಗಳನ್ನೆಲ್ಲ ಹೇಳಿ ಕಳುಹಿಸಿದನಂತೆ.

ಮಂಗಳವಾರ ಹೇಗೆ ಕಳೆಯಿತೆಂದು ಕೇಳಬೇಡಿ. ವಸುಧಾ ಸಾರಿಗೆ ಉಪ್ಪು ಹಾಕುವುದನ್ನು ಮರೆತಳು, ನಾನು ಅದನ್ನು ಗಮನಿಸದೆ ಎರಡು ಸಲ ಬಡಿಸಿಕೊಂಡೆ. ಸಂಜೆ ಫ್ಲೇವಿ ಫೋನು ಮಾಡಿ, ಆಯಿತು, ಚೆನ್ನಾಗಿ ಆಯಿತು ಎಂದರು. ಕೆಲವು ದಿನ ಬಿಟ್ಟು ಅವನದೇ ಫೋನು ಬಂತು. ಗಂಟಲಲ್ಲಿ ನಳಿಕೆ ಇದ್ದುದರಿಂದ ದನಿ ಒಡೆದಿತ್ತು. ಹಲೋ ಕೂಡ ಹೇಳದೆ, "ಮುಂದಿನ ಸಾಲಿನಲ್ಲಿ ಇಬ್ಬರಿಗೆ ಪೆಟ್ಟು," ಎಂದ. ನಾನು ಫೋನನ್ನು ವಸುಧಾಳ ಕೈಗೆ ಕೊಟ್ಟು, ಮುಖ ತೊಳೆಯಲು ಹೋದೆ.

ಇದಾಗಿ ಕೆಲವು ವರ್ಷಗಳೇ ಆದವು. ಕಳೆದ ಸೋಮವಾರ, ಮದುಮಗ ಟಿವಿಯಲ್ಲಿ ಕುಳಿತು ಈಗಿನ ಹುಡುಗರಿಗೆ ನಾಯಕತ್ವ ಕಡಿಮೆ ಎಂದು ಮರುಗುತ್ತಿದ್ದಾಗ ಸಿರಿಲ್‌ಗೆ ಫೋನು ಮಾಡಿದೆ. ಅವನಿಗೆ ಅಲ್ಲಿಯೂ ಪಕ್ಷಪಾತ ಕಂಡಿತ್ತು, ಮದುಮಗನಿಗೆ ಮೂಲೆಯ ಕುರ್ಚಿ ಕೊಟ್ಟಿದ್ದಾರಂತೆ. ಮಾತಿನ ನಡುವೆ, ಡಾಕ್ಟರು ನನಗೂ ಮುಂದಿನ ವಾರ ಹೃದಯದ ಪರೀಕ್ಷೆಗೆ ಬರಹೇಳಿದ್ದಾರೆ, ದೊಡ್ಡದೇನಲ್ಲ ಎಂದೆ.

ಅವನು ತೀರ ಮೆತ್ತಗಿನ ದನಿಯಲ್ಲಿ, "ನೋಡು ಮಾರಾಯ, ನ್ಯಾಯವಾಗಿ ಹೇಳುದಾದ್ರೆ ನಿನ್ನ ಮೇಷ್ಟ್ರು ಕೂಡ..." ಎಂದು ಶುರುಮಾಡಿದ.

"ಸಿರಿಲ್, ಅದೊಂದು ಬೇಡ," ಎಂದೆ. "ಎಂದಿನ ಹಾಗೇ ಅವರನ್ನ ಬೈಯಿ."

ಅವನು ಗಂಟಲು ಸರಿಮಾಡಿಕೊಂಡ. ಬೋಳುತಲೆಯಿಂದಲೇ ಆರಂಭಿಸಿದ. ನಾನು ಕಾಲು ಚಾಚಿ ಕುಳಿತು, ಪೂರ್ತಿ ಕೇಳಿಸಿಕೊಂಡೆ.