ಬೇಲಿಯಾಚೆಯ ತೊಟ್ಟಿಲು

ಬುರೈಮಿಯಲ್ಲಿ ನಮ್ಮ ಮನೆ, ರಸ್ತೆಯಾಚೆ ಅಲ್ ಐನ್‌ನಲ್ಲಿ ತಮ್ಮನ ಮನೆ. ನಮ್ಮದು ಓಮಾನ್, ಅವನದು ಎಮಿರೇಟ್ಸ್. ಆಗೆಲ್ಲ ಅದನ್ನು ಯಾರು ಲೆಕ್ಕಕ್ಕಿಟ್ಟಿದ್ದರು? ಕರಿಬೇವು ಮುಗಿದರೆ ಮನೆಯ ಚಪ್ಪಲಿಯಲ್ಲೇ ಬೇರೆ ದೇಶಕ್ಕೆ ಹೋಗಿ, ಬೇಳೆ ಬೇಯುವಷ್ಟರಲ್ಲಿ ವಾಪಸಾಗುತ್ತಿದ್ದೆ. ನನ್ನ ಮೊಬೈಲು ಅಡುಗೆಮನೆಯಲ್ಲಿ ಈ ದೇಶದ ಸಿಗ್ನಲ್ ಹಿಡಿದರೆ ಬಾಲ್ಕನಿಯಲ್ಲಿ ಆ ದೇಶದ್ದು ಹಿಡಿಯುತ್ತಿತ್ತು.

ಆಮೇಲೆ ಗಡಿಗೆ ಬೇಲಿ ಬಂತು. ಗೇಟಿನಲ್ಲಿ ಪೊಲೀಸರು ಮೊದಮೊದಲು ಕೈಬೀಸಿ ಬಿಡುತ್ತಿದ್ದರು. ತಮ್ಮನ ಹೆಂಡತಿಗೆ ಹೆರಿಗೆಯಾದ ವಾರವೇ, ವೀಸಾ ಇಲ್ಲದೆ ಬಿಡುವುದಿಲ್ಲ ಎಂದರು. ಗಂಡುಮಗು. ಅದರ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನಾನು. ನನಗೆ ಮಕ್ಕಳಿಲ್ಲ. ಆ ಒಂದು ಕೆಲಸ ನನಗೆ ಬೇಕೇ ಬೇಕಿತ್ತು.

ಕೂತಲ್ಲಿ ಕೂರಲಾಗಲಿಲ್ಲ. ಇಸ್ತ್ರಿ ಮಾಡಿದ ಸೀರೆಯನ್ನೇ ಮತ್ತೆ ಇಸ್ತ್ರಿ ಮಾಡಿದೆ. ಬಾಲ್ಕನಿಗೆ ಹೋದರೆ ತಮ್ಮನ ಕಟ್ಟಡದ ನೀರಿನ ಟ್ಯಾಂಕು ಕಾಣುತ್ತಿತ್ತು. ಒಳಗೆ ಬಂದರೆ ಮತ್ತೆ ಹೋಗಿ ನೋಡಬೇಕೆನಿಸುತ್ತಿತ್ತು.

"ಸ್ವಲ್ಪ ಕೂತ್ಕೊ ಮಾರಾಯ್ತಿ," ಎಂದರು ಗಂಡ. "ನಮ್ಮ ಅರಬಿ ಧಣಿ, ಆ ಕಫೀಲ್ ಹತ್ರ ಮಾತಾಡಿದ್ದೇನೆ. ವೀಸಾ ಬರ್ತದೆ."

"ಯಾವಾಗ?"

"ಬರ್ತದೆ."

ಆ 'ಬರ್ತದೆ' ಕೇಳಿ ಕೇಳಿ ನನ್ನ ಮೈ ಉರಿಯುತ್ತಿತ್ತು. ನಾಮಕರಣದ ಹಿಂದಿನ ದಿನ ಬೆಳ್ಳಿಯ ಉಡಿದಾರ ಹಿಡಿದು ನಾನೇ ಗೇಟಿಗೆ ಹೋದೆ. ಪೊಲೀಸ್ ಹುಡುಗ ಮರ್ಯಾದೆಯಿಂದಲೇ ಆಗುವುದಿಲ್ಲವೆಂದು ತಲೆಯಾಡಿಸಿದ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ತಮ್ಮ ಫೋನು ಮಾಡಿದ. "ಅಕ್ಕ, ನೀನು ಫೋನಲ್ಲೇ ಹೇಳು. ನಾನು ಮಗುವಿನ ಕಿವಿಗೆ ಹಿಡೀತೇನೆ."

"ಫೋನಲ್ಲಿ ಹೆಸರಿಡ್ಲಿಕ್ಕೆ ನಾನೇನು ಕಸ್ಟಮರ್ ಕೇರಾ? ವೀಸಾ ಬರುವ ತನಕ ಮುಂದೆ ಹಾಕು."

"ಇವಳ ಅಮ್ಮ ಊರಿಗೆ ಹೊರಟಾಯ್ತಲ್ಲ ಅಕ್ಕ. ಅವರಿಲ್ಲದೆ ಹೇಗೆ ಮಾಡುದು?"

ಮುಂದೆ ಹಾಕಲಿಲ್ಲ. ಅವರ ಪಕ್ಕದ ಫ್ಲ್ಯಾಟಿನ ಮಂಗಳೂರಿನ ಹೆಂಗಸು ನನ್ನ ಜಾಗದಲ್ಲಿ ಕೂತು ಹೆಸರು ಹೇಳಿದರಂತೆ. ಒಳ್ಳೆಯವರು, ನನಗೆ ಪಾಯಸ ಕಳಿಸಿದ್ದರು. ಗೇಟು ದಾಟುವ ಡ್ರೈವರೊಬ್ಬ ತಂದುಕೊಟ್ಟ. ಪಾಯಸ ಬಂತು, ನನಗೆ ಹೋಗಲಾಗಲಿಲ್ಲ. ಅದನ್ನು ಸಿಂಕಿಗೆ ಸುರಿದೆ.

ವೀಸಾ ಬಂದದ್ದು ಮಗು ಮಗುಚಿಕೊಳ್ಳುವ ಹೊತ್ತಿಗೆ. ಆಮೇಲೆ ತಿಂಗಳಿಗೊಮ್ಮೆ, ವೀಸಾದವರ ಗೇಟಿಗೆ ಸುತ್ತು ಹಾಕಿ, ಸಾಲಿನಲ್ಲಿ ನಿಂತು ಹೋಗುತ್ತಿದ್ದೆ. ಹುಡುಗ ಮಾತು ಕಲಿತ. ಪಕ್ಕದ ಫ್ಲ್ಯಾಟಿನವರನ್ನು ಕಂಡರೆ "ಅತ್ತೆ" ಎಂದು ಓಡಿಹೋಗಿ ಸೊಂಟ ತಬ್ಬುತ್ತಿದ್ದ. ನಾನು ಬೆಲ್ ಒತ್ತಿದರೆ ಬಾಗಿಲು ತೆರೆದು, ಒಳಗೆ ತಿರುಗಿ ಹೇಳುತ್ತಿದ್ದ:

"ಅಮ್ಮಾ, ಬುರೈಮಿ ಆಂಟಿ ಬಂದ್ರು."